ತತ್ವಶಾಸ್ತ್ರಕ್ಕೆ ಗಿರಾಕಿ ಹುಡುಕಿದ ನಮ್ಮ ಮೌಶಿ

ನಮ್ಮ ಮೌಶಿಗೆ ವ್ಯಾಪಾರ ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಬರುತ್ತಿತ್ತು. ಉಲ್ಟಾ ಬರುತ್ತಿತ್ತು, ಅಷ್ಟೇ! ಕಾಯಿಪಲ್ಲೆ ಮಾರುವ ಮುದುಕಿ ಮೆಂತ್ಯದ ಸಿವುಡಿಗೆ ಒಂದು ರೇಟು ಹೇಳಿದರೆ ಲೋಕದ ಹೆಂಗಸರೆಲ್ಲ ಅದನ್ನು ಇಳಿಸಲು ನಿಲ್ಲುತ್ತಾರೆ. ನಮ್ಮ ಮೌಶಿ ಏರಿಸಲು ನಿಲ್ಲುತ್ತಿದ್ದಳು.

"ಇಷ್ಟ ಕಡಿಮಿ ಹೆಂಗ ಕೊಡ್ತೀಯವಾ? ನಸುಕಿನ್ಯಾಗ ಎದ್ದೀ, ಬಸ್ಸಿನ್ಯಾಗ ಹೊತಗೊಂಡು ಬಂದೀ. ನಿನ್ನ ಕೂಲಿ ಇದರಾಗ ಎಲ್ಲೈತಿ?"

ಮುದುಕಿಗೆ ಗಾಬರಿ. ಕನ್ನಡಕ ಹಾಕಿಕೊಂಡ ಈ ಕಲಿತ ಹೆಂಗಸು ಏನೋ ಹೊಂಚು ಹಾಕಿದ್ದಾಳೆ ಎಂದುಕೊಂಡು ರೇಟನ್ನು ಇನ್ನೂ ಇಳಿಸಿದಳು. ಮೌಶಿ ಸಿಟ್ಟಾಗಿ ಏರಿಸಿದಳು. ಅವಳು ಇಳಿಸಿದಳು, ಇವಳು ಏರಿಸಿದಳು. ಸುತ್ತ ಮಂದಿ ನೆರೆದರು. ಕೊನೆಗೆ ಮುದುಕಿ ಕೈಮುಗಿದು, "ಯವ್ವಾ, ಪುಕ್ಕಟೆ ಒಯ್ಯಿ, ಆದ್ರ ಇಲ್ಲಿಂದ ಹೋಗು" ಅಂದಳು. ಆ ದಿನ ಮೆಂತ್ಯದ ಪಲ್ಲೆ ನಮ್ಮ ಯಾರ ಗಂಟಲಲ್ಲೂ ಸರಿಯಾಗಿ ಇಳಿಯಲಿಲ್ಲ. ಮೌಶಿ ಮರುದಿನ ಹೋಗಿ ದುಡ್ಡು ಕೊಟ್ಟೇ ಬಂದಳು.

ಮೌಶಿ ಎಂದರೆ ನಮ್ಮ ಅವ್ವನ ತಂಗಿ. ಧಾರವಾಡದ ಒಂದು ಖಾಸಗಿ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅವಳು ಕಾರಣಗಳನ್ನು ವಿವರಿಸತೊಡಗಿದರೆ ಅವರ ಊಟದ ಹೊತ್ತು ಮೀರಿ ಹೋಗುತ್ತಿತ್ತು. ಹೀಗಾಗಿ ಯಾರೂ ಎರಡನೇ ಸಲ ಕೇಳಲಿಲ್ಲ. ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಪುಸ್ತಕಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ ಮಲಗುತ್ತಿದ್ದಳು.

ಅವಳ ಹಳೆಯ ಸ್ಕೂಟರ್ ಮಾರುವ ದಿನ ನಡೆದದ್ದನ್ನು ಕೇಳಿ. ಬೈರಿದೇವರಕೊಪ್ಪದಿಂದ ಒಬ್ಬ ನೋಡಲು ಬಂದಿದ್ದ. ಮೌಶಿ ಅವನನ್ನು ಕೂರಿಸಿ, ಚಹಾ ಕೊಟ್ಟು, ಸ್ಕೂಟರಿನ ರೋಗಗಳನ್ನೆಲ್ಲ ಹೇಳಿದಳು. ಬ್ರೇಕು ಹಿಡಿಯುವುದಿಲ್ಲ, ಮಗ್ಗಲಾಗಿ ಮಲಗಿಸಿ ಎಬ್ಬಿಸದಿದ್ದರೆ ಚಾಲೂ ಆಗುವುದಿಲ್ಲ, ಮಳೆಗಾಲದಲ್ಲಂತೂ ನೂಕಿಕೊಂಡೇ ಹೋಗಬೇಕು. ಆ ಮನುಷ್ಯ ಗಲ್ಲ ಕೆರೆದುಕೊಂಡು ಯೋಚಿಸಿದ. ಇಷ್ಟು ಹಳಿಯುತ್ತಿದ್ದಾಳೆಂದರೆ ಇವಳಿಗೆ ಮಾರುವ ಮನಸ್ಸಿಲ್ಲ, ಅಂದಮೇಲೆ ಗಾಡಿ ಭಾರಿ ಛಲೋ ಇರಬೇಕು! "ನಾ ತಗೋತೇನ್ರಿ" ಅಂದ.

ಮೌಶಿ ಎದ್ದು ನಿಂತಳು. "ಇಷ್ಟ ಹೇಳಿದ ಮ್ಯಾಲೂ ತಗೋತೇನಿ ಅಂತೀರಿ ಅಂದ್ರ ನಿಮಗ ನಾ ಕೊಡಂಗಿಲ್ರಿ. ನಿಮ್ಮ ವಿಚಾರ ಮಾಡೋ ರೀತಿನ ಬರೋಬ್ಬರಿ ಇಲ್ಲ. ಇಂಥಾ ಗಾಡಿ ನಿಮ್ಮ ಕೈಯಾಗ ಇದ್ರ ರಸ್ತೆದಾಗಿನ ಮಂದಿ ಗತಿ ಏನು?"

ಸ್ಕೂಟರ್ ನಮ್ಮ ಅಂಗಳದಲ್ಲೇ ತುಕ್ಕು ಹಿಡಿಯಿತು.

ಇಂಥವಳ ಅಕ್ಕನ ಮಗನಾದ ನಾನು ಎಂಬಿಎ ಮಾಡಿದೆ. ಪಾಸಾದ ದಿನ ಅವ್ವ ಹೋಳಿಗೆ ಮಾಡಿದ್ದಳು. ತಾಟಿನ ಮುಂದೆ ಕೂತ ಮೌಶಿ ಕೇಳಿದಳು, "ಎರಡು ವರ್ಷ ಏನೇನ ಕಲತೆಪಾ ತಮ್ಮಾ?"

"ಮಾರ್ಕೆಟಿಂಗ್ ಕಲತೆ ಮೌಶಿ."

"ಅಂದ್ರ?"

"ಅಂದ್ರ, ಮನಷ್ಯಾಗ ಒಂದು ವಸ್ತು ಬೇಕಾಗಿರಂಗಿಲ್ಲ. ಅದು ಬೇಕ ಬೇಕು ಅಂತ ಅವಗ ಅನ್ನಿಸುವಂಗ ಮಾಡೋದು."

ಮೌಶಿಯ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. "ಇದಕ್ಕ ಪರೀಕ್ಷೆ ಇರತೈತೇನು?"

"ಇರತೈತಿ."

"ಯಾರರೆ ಫೇಲ್ ಆಗ್ತಾರೇನು?"

"ನಾಕೈದು ಮಂದಿ ಆದ್ರಲ್ಲ."

"ಅವರನ್ನ ಒಮ್ಮಿ ಮನಿಗೆ ಕರಕೊಂಡು ಬಾ. ಛಲೋ ಮಂದಿ ಇರಬೇಕು."

ನಾನೇನು ಸುಮ್ಮನಿದ್ದೆನೇ? "ನಿನ್ನ ಕಡೆ ಕಲತವರು ಏನೇನಾದ್ರು, ಅದನ್ನರೆ ಹೇಳು" ಅಂದೆ. ಮೌಶಿ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳತೊಡಗಿದಳು. "ಒಬ್ಬಂವ ಕಂಡಕ್ಟರ್ ಆದ. ಒಬ್ಬಂವ ಸ್ವಾಮಿ ಆದ. ಒಬ್ಬಾಕಿ ಅಂಗನವಾಡಿ ನಡಸ್ತಾಳ. ಒಬ್ಬಂವ ಜೇಲಿನ್ಯಾಗ ಅದಾನ."

"ಜೇಲಿನ್ಯಾಗ?" ಅವ್ವ ಹೌಹಾರಿದಳು.

"ಜೇಲರ್ ಅದಾನವಾ. ನಿನ್ನ ಮಗನ ಕ್ಲಾಸಿನವರು ಯಾರರೆ ಆ ಕಡೆ ಬಂದ್ರ ನೋಡ್ಕೋತಾನ."

ನನ್ನ ಡಿಗ್ರಿಗೆ ನಾನು ಕೃತಘ್ನನಲ್ಲ. ಹುಬ್ಬಳ್ಳಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ನನಗೆ ಕೆಲಸ ಸಿಕ್ಕಿದ್ದು ಅದರಿಂದಲೇ. ಅವ್ವನ ಮೊಣಕಾಲಿನ ಆಪರೇಷನ್ ಆದದ್ದು ಅದರಿಂದಲೇ. ಮೌಶಿಗೂ ಅದು ಗೊತ್ತಿತ್ತು. ಆಪರೇಷನ್ ಮುಗಿದ ದಿನ ಆಸ್ಪತ್ರೆಯ ವರಾಂಡದಲ್ಲಿ ನನ್ನ ಬೆನ್ನ ಮೇಲೆ ಕೈಯಿಟ್ಟು, "ನಿನ್ನ ವಿದ್ಯಾ ಇವತ್ತು ಉಪಯೋಗಕ್ಕ ಬಂತಪಾ" ಅಂದಿದ್ದಳು. ಚೇಷ್ಟೆಯ ಮಾತಲ್ಲ, ನಿಜವಾಗಿಯೇ ಅಂದಿದ್ದಳು. ಜಗಳಕ್ಕೆ ಸಿದ್ಧನಾಗಿ ನಿಂತವನಿಗೆ ಎದುರಾಳಿ ಕೈಮುಗಿದರೆ ಹೇಗಾಗುತ್ತದೋ ನನಗೆ ಹಾಗಾಯಿತು.

ಅವಳಿಗೆ ಕಷ್ಟ ಬಂದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಕಾಲೇಜಿನಲ್ಲಿ ಬಿಬಿಎ ಶುರುವಾಗಿತ್ತು. ಅಲ್ಲಿ ಹುಡುಗರಿಗೆ ಕೂರಲು ಬೆಂಚು ಸಾಲದು. ತತ್ವಶಾಸ್ತ್ರದ ಕೋಣೆಯಲ್ಲಿ ಬೆಂಚಿಗೆ ಕೂರಲು ಹುಡುಗರು ಸಾಲರು. ಆಡಳಿತ ಮಂಡಳಿಯವರು ಅವಳನ್ನು ಕರೆದು ಮರ್ಯಾದೆಯಿಂದಲೇ ಹೇಳಿದರು, "ಮೇಡಂ, ಈ ವರ್ಷ ಹತ್ತು ಮಂದಿಯರೆ ಬರಬೇಕ್ರಿ. ಬರಲಿಲ್ಲಂದ್ರ ವಿಭಾಗ ಮುಚ್ಚೋದ."

ಎರಡು ವರ್ಷದಲ್ಲಿ ನಿವೃತ್ತಿ ಆಗುವವಳಿಗೆ ಅದರಿಂದೇನು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ನಾ ಹೋದ ಮ್ಯಾಲೂ ಅಲ್ಲೆ ಒಬ್ಬರು ನಿಂತು ಕಲಸ್ತಿರಬೇಕೋ ತಮ್ಮಾ. ನನ್ನ ಕೂಡ ಅದು ಮುಗೀಬಾರದು" ಅಂದಳು. ಹೇಳುವಾಗ ಅವಳ ದನಿ ಸಣ್ಣದಾಗಿತ್ತು. ಹಾಗೆ ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಪಿಯುಸಿ ರಿಸಲ್ಟು ಬಂತೆಂದರೆ ನಮ್ಮ ಕಡೆ ಖಾಸಗಿ ಕಾಲೇಜಿನವರು ಪಾಠ ಬಿಟ್ಟು ಊರೂರು ತಿರುಗುತ್ತಾರೆ. ಹುಡುಗರನ್ನು ಹಿಡಿದು ತರುವ ಕೆಲಸ! ಬಿಬಿಎದವರ ಗಾಡಿಗೆ ಬ್ಯಾನರು, ಮೈಕು, ಕೊರಳಿಗೆ ಟೈ. ಆ ಸೆಕೆಯಲ್ಲಿ ಟೈ ಕಟ್ಟಿಕೊಂಡವರನ್ನು ನೋಡಿಯೇ ಅರ್ಧ ಊರು ಅಡ್ಮಿಷನ್ ಮಾಡಿಸುತ್ತದೆ. ಮೌಶಿ ಒಂದು ಸಂಜೆ ನನ್ನ ಕೋಣೆಗೆ ಬಂದು ತಲೆ ತಗ್ಗಿಸಿ ನಿಂತಳು. "ನೀ ಮಾರ್ಕೆಟಿಂಗ್ ಕಲತೀಯಲ್ಲ, ನನಗೊಂದೀಟು ಕಲಸು."

ಆಹಾ! ಇಂಥ ದಿನ ಎಷ್ಟು ಜನರಿಗೆ ಬರುತ್ತದೆ? ನಾನು ಗುರುವಿನ ಗತ್ತಿನಲ್ಲಿ ಕುರ್ಚಿ ಎಳೆದು ಕೂತೆ. ನಾನೇ ಹಳ್ಳಿಯ ತಂದೆ, ಅವಳು ಪ್ರಚಾರಕ್ಕೆ ಬಂದ ಮೇಡಂ.

"ಮೇಡಮ್ಮಾರ, ಇದನ್ನ ಓದಿದ್ರ ನನ್ನ ಮಗಗ ನೌಕರಿ ಸಿಗತೈತೇನ್ರಿ?"

"ಸಿಗಂಗಿಲ್ರಿ" ಅಂದಳು ಮೌಶಿ.

"ಮೌಶೀ! ಹಂಗ ಅನಬಾರದು. ಅವಕಾಶಗಳು ಅಪಾರ ಅನ್ನಬೇಕು."

"ಯಾವ ಅವಕಾಶ?"

"ಅವನ್ನೆಲ್ಲ ಬಿಡಿಸಿ ಹೇಳಬಾರದು. ಅಪಾರ ಅಂದು ಮುಂದ ಹೋಗಬೇಕು."

ನಾಲ್ಕು ದಿನ ಸಾಧನೆ ನಡೆಯಿತು. ಮೌಶಿ ರೊಟ್ಟಿ ತಟ್ಟುತ್ತ "ಅವಕಾಶಗಳು ಅಪಾರ, ಅವಕಾಶಗಳು ಅಪಾರ" ಎಂದು ಉರು ಹೊಡೆಯುತ್ತಿದ್ದಳು. ಪಡಸಾಲೆಯಿಂದ ಅವ್ವ, "ರೊಟ್ಟಿ ಹೊತ್ತಾಕತ್ತಾವು ನೋಡು, ಅಪಾರ" ಎಂದು ಕೂಗುತ್ತಿದ್ದಳು.

ಮುಂದಿನ ರವಿವಾರ ನನ್ನ ಕಾರಿನಲ್ಲಿ ಉಪ್ಪಿನಬೆಟಗೇರಿಗೆ ಹೋದೆವು. ಮೊದಲನೇ ಮನೆಯಲ್ಲಿ ಮೌಶಿ ಕಟ್ಟೆಯ ಮೇಲೆ ಕೂತು ನೀರು ಕುಡಿದು, "ಅವಕಾಶಗಳು ಅಪಾರ ಅದಾವ್ರಿ" ಅಂದಳು. ನಾನು ಹಿಗ್ಗಿದೆ. ಆ ಮನೆಯ ಯಜಮಾನರು ತಲೆದೂಗಿದರು. ಮೌಶಿ ಎರಡು ನಿಮಿಷ ಚಡಪಡಿಸಿ, "ಈಗ ಅಂದೆನಲ್ಲ, ಅದು ನನ್ನ ಮಾತಲ್ರಿ, ಈ ಹುಡುಗಂದು" ಎಂದು ನನ್ನತ್ತ ಬೊಟ್ಟು ಮಾಡಿದಳು. ಆಮೇಲೆ ಅವರ ಮಗನನ್ನು ಕರೆದು ಅರ್ಧ ತಾಸು ಮಾತಾಡಿಸಿ, "ಇವಗ ಲೆಕ್ಕ ಭಾಳ ಛಲೋ ಬರತೈತಿ, ಬಿಬಿಎಕ್ಕ ಕಳಸ್ರಿ" ಅಂದಳು!

ಹೀಗೆಯೇ ಸಂಜೆಯವರೆಗೆ. ಹೊಟ್ಟೆಗೆ ಬೇಗ ದಾರಿ ಬೇಕಾದವರನ್ನು ಬಿಬಿಎಗೆ ಕಳಿಸಿದಳು, ಮೋಟರು ಬಿಚ್ಚಿ ಕೂತಿದ್ದವನನ್ನು ಐಟಿಐಗೆ ಕಳಿಸಿದಳು. ಒಬ್ಬ ಹುಡುಗನಿಗೆ ಮಾತ್ರ ಯಾವ ಕೋರ್ಸನ್ನೂ ಹೇಳದೆ, ಮೊದಲು ಕಣ್ಣು ಪರೀಕ್ಷೆ ಮಾಡಿಸಿ ಅಂದಳು. ಅವನಿಗೆ ನಿಜವಾಗಿಯೂ ಕನ್ನಡಕ ಬಂತು. ಮರುದಿನ ಬಿಬಿಎ ವಿಭಾಗದ ಮುಖ್ಯಸ್ಥರು ಫೋನ್ ಮಾಡಿ, ಇಷ್ಟು ಅಡ್ಮಿಷನ್ನು ತಮ್ಮ ಟೈ ಕಟ್ಟಿದವರೂ ತಂದಿಲ್ಲವೆಂದು ಅವಳಿಗೆ ಧನ್ಯವಾದ ಹೇಳಿದರು.

ಆದರೂ ಹೆಸರುಗಳು ಒಂದೊಂದಾಗಿ ಬಂದವು. ಮನೆಯಲ್ಲಿ ಕೂತು ಬೇಸರಗೊಂಡ ಒಬ್ಬ ನಿವೃತ್ತ ಪೋಸ್ಟ್ ಮಾಸ್ತರರು ಬಂದರು. ಮಠದ ಇಬ್ಬರು ಮರಿಸ್ವಾಮಿಗಳು ಬಂದರು. ಮೊದಲೊಮ್ಮೆ ಓದು ಬಿಟ್ಟಿದ್ದ ಒಬ್ಬ ಗೃಹಿಣಿ ತನ್ನ ತಂಗಿಯನ್ನೂ ಕರೆದುಕೊಂಡು ಬಂದಳು. ಬಿಬಿಎದಲ್ಲಿ ಸೀಟು ಸಿಗದ ಕೆಲವರು ಮುಖ ಸಪ್ಪೆ ಮಾಡಿಕೊಂಡು ಬಂದರು. ಅಡ್ಮಿಷನ್ ಮುಗಿಯುವ ವಾರ ಬಂದಾಗ ಒಬ್ಬರು ಮಾತ್ರ ಕಡಿಮೆಯಿದ್ದರು. ಒಬ್ಬರು ಬಂದರೆ ವಿಭಾಗ ಉಳಿಯುತ್ತಿತ್ತು.

ಆ ಒಬ್ಬರು ಸಿಕ್ಕರು. ಅದೇ ಉಪ್ಪಿನಬೆಟಗೇರಿಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜ್ ಇಟ್ಟಿದ್ದ ಮಿಸ್ತ್ರಿ ಚಾಚಾ ನನಗೆ ಪರಿಚಯದವರು, ಬಿಡಿಭಾಗ ಒಯ್ಯಲು ನಮ್ಮ ಶೋರೂಮಿಗೆ ಬರುತ್ತಿದ್ದರು. ಅವರ ಹಿರಿಯ ಮಗಳು ಪಿಯುಸಿಯಲ್ಲಿ ತರ್ಕಶಾಸ್ತ್ರ ತೆಗೆದುಕೊಂಡು ಬಹಳ ಚೆನ್ನಾಗಿ ಪಾಸಾಗಿದ್ದಳು. ಅವರೇ ಫೋನ್ ಮಾಡಿ ಕರೆದರು, "ಮಗಳು ನಿಮ್ಮ ಮೌಶಿಯವರ ಕಾಲೇಜಿಗೆ ಹೋಗಬೇಕು ಅನ್ನಾಕತ್ತಾಳ್ರಿ, ಒಮ್ಮಿ ಕರಕೊಂಡು ಬರ್ರಿ."

ಹೋದೆವು. ಹುಡುಗಿ ನಮ್ಮ ಮುಂದೆ ಕೂತು, ಮೌಶಿಯ ಮುಖವನ್ನೇ ನೋಡುತ್ತ ಮಾತಾಡಿದಳು. ಮೌಶಿ ಒಮ್ಮೆ ಅವರ ಕಾಲೇಜಿಗೆ ಬಂದು ಭಾಷಣ ಮಾಡಿದ್ದಳಂತೆ. "ಅವತ್ತ ನೀವು ಹೇಳಿದ್ರಿ ಮೇಡಂ, ಎಲ್ಲಾರೂ ಒಪ್ಪಿದ್ದು ಅಂದಕೂಡ್ಲೆ ಅದು ಖರೇ ಆಗಂಗಿಲ್ಲ ಅಂತ. ಅದನ್ನ ಕೇಳಿ ನನಗ ವಾರಗಟ್ಲೆ ನಿದ್ದಿನ ಸರಿ ಬರಲಿಲ್ರಿ. ನನಗ ಅದನ್ನ ಓದಬೇಕ್ರಿ."

ಮೌಶಿಯ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಇಷ್ಟು ವರ್ಷ ಪಾಠ ಮಾಡಿದ್ದು ಈ ಒಂದು ಹುಡುಗಿಗಾಗಿಯೇ ಏನೋ ಎಂಬಂತೆ ಅವಳನ್ನು ನೋಡಿದಳು. ಇಬ್ಬರೂ ನಮ್ಮನ್ನು ಮರೆತು ಮಾತಿಗೆ ಬಿದ್ದರು. ಚಾಚಾ ಮತ್ತು ನಾನು ಸುಮ್ಮನೆ ಕೂತು ಚಹಾ ಕುಡಿದೆವು. ಆಗ ನೋಡಿದೆ, ಚಾಚಾ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕೈ ನಡುಗಿ ಚಹಾ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಹುಡುಗಿಯ ತಮ್ಮಂದಿರಿಬ್ಬರೂ ಇನ್ನೂ ಸಣ್ಣವರು. ಮೌಶಿಯೂ ನೋಡಿದಳು.

"ಕೈಗೆ ಏನಾಗೇತ್ರಿ?"

"ನರದ ತ್ರಾಸಂತ್ರಿ. ನಟ್ಟು ಹಿಡಿಯಾಕ ಆಗವಲ್ದು. ಗ್ಯಾರೇಜ್ ಇನ್ನ ಎಷ್ಟ ದಿನ ನಡೀತೈತೋ ಏನೋ." ಚಾಚಾ ಕಪ್ಪು ಕೆಳಗಿಟ್ಟರು. "ನಾ ಬಿಬಿಎ ಅಂದೆನ್ರಿ. ಅದನ್ನ ಕಲತವರಿಗೆ ಲಗೂ ಕೆಲಸ ಸಿಗತೈತಿ ಅಂತಾರ. ಅಕಿ ಒಲ್ಲೆ ಅಂತಾಳ. ನನಗ ತಿಳ್ಯಂಗಿಲ್ರಿ ಮೇಡಮ್ಮಾರ. ಆದ್ರ ನೀವು ಸುಳ್ಳು ಹೇಳಂಗಿಲ್ಲ ಅಂತ ಊರ ತುಂಬ ಮಂದಿ ಅಂತಾರ. ನೀವು ಏನ ಹೇಳ್ತೀರಿ, ಅದನ್ನ ಮಾಡ್ತೇನಿ."

ಗಿರಾಕಿ ತಾನಾಗಿಯೇ ಬಂದು ನಿಂತಿದೆ. ಬೆಲೆ ಹೇಳುವ ಕೆಲಸವೂ ಇಲ್ಲ. ಹೂಂ ಅಂದರೆ ಸಾಕು, ವಿಭಾಗ ಉಳಿಯಿತು! ಮೌಶಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ ಹುಡುಗಿಯ ಕಡೆ ತಿರುಗಿದಳು.

"ಬಿಬಿಎ ತಗೋ ಮಗಳ."

"ಮೇಡಂ..."

"ನನ್ನ ವಿಷಯ ದೊಡ್ಡದೈತಿ. ಆದ್ರ ಅದಕ್ಕ ಭಾಳ ವರ್ಷ ಕಾಯಬೇಕಾಗತೈತಿ. ನಿಮ್ಮ ಅಪ್ಪಾರಿಗೆ ಕಾಯಾಕ ಆಗಂಗಿಲ್ಲ."

ಹುಡುಗಿ ಏಳಲೂ ಇಲ್ಲ, ವಾದಿಸಲೂ ಇಲ್ಲ. ಕೂತಲ್ಲೇ ಕಣ್ಣಲ್ಲಿ ನೀರು ಸುರಿಯಿತು. ಚಾಚಾ ಮೌಶಿಗೆ ಕೈಮುಗಿದರು. ಆ ನಡುಗುವ ಕೈಗಳನ್ನು ನೋಡಲಾಗದೆ ನಾನು ಹೊರಗೆ ಬಂದೆ.

ಕಾರಿನಲ್ಲಿ ನಾನು ರೇಗಿದೆ. ಹೌದು, ಎಂಬಿಎ ಕಲಿತ ನಾನು ತತ್ವಶಾಸ್ತ್ರದ ಪರವಾಗಿ ಬಾಯಿ ಮಾಡಿದೆ! ಆ ಹುಡುಗಿ ಹುಟ್ಟಿದ್ದೇ ಅದಕ್ಕೆ, ಟ್ರ್ಯಾಕ್ಟರ್ ಮಾರಲು ನನ್ನಂಥವರು ಸಾವಿರ ಸಿಗುತ್ತಾರೆ, ಅಂಥ ಪ್ರಶ್ನೆ ಕೇಳುವವರು ಎಲ್ಲಿ ಸಿಗುತ್ತಾರೆ ಎಂದು ಧಾರವಾಡ ಬರುವವರೆಗೂ ಕೂಗಾಡಿದೆ. ಎರಡು ವರ್ಷದ ಎಂಬಿಎದಲ್ಲಿ ಯಾರೂ ನನಗೆ ನಿದ್ದೆಗೆಡಿಸುವ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಎಂಬುದು ಆ ದಾರಿಯಲ್ಲೇ ನನಗೆ ಹೊಳೆದದ್ದು. ಮೌಶಿ ಕಿಟಕಿಯಾಚೆ ನೋಡುತ್ತಿದ್ದಳು. "ನೀ ಹೇಳೋದು ಬರೋಬ್ಬರಿ ಐತಿ" ಎಂದಷ್ಟೇ ಅಂದಳು. ವಾದದಲ್ಲಿ ಅವಳನ್ನು ಗೆದ್ದದ್ದು ಅದೊಂದೇ ಸಲ. ಅಂಥ ಗೆಲುವು ವೈರಿಗೂ ಬೇಡ.

ಆ ವರ್ಷ ವಿಭಾಗ ಮುಚ್ಚಿತು. ಪೋಸ್ಟ್ ಮಾಸ್ತರರು ಸಮಾಜಶಾಸ್ತ್ರಕ್ಕೆ ಹೋದರು. ಮೌಶಿಗೆ ಬಿಬಿಎ ಹುಡುಗರಿಗೆ ವ್ಯವಹಾರ ನೀತಿ ಕಲಿಸುವ ಕೆಲಸ ಕೊಟ್ಟರು. ಮೊದಲ ದಿನವೇ ಒಬ್ಬ ಹುಡುಗ ಎದ್ದು, "ಮೇಡಂ, ಪ್ರಾಮಾಣಿಕತೆಯ ಲಾಭಗಳನ್ನ ಪಾಯಿಂಟ್ ಮಾಡಿ ಬರೆಸ್ರಿ" ಅಂದನಂತೆ. "ಲಾಭ ಇಲ್ಲಪಾ, ಆದ್ರೂ ಮಾಡಬೇಕು" ಅಂದಳಂತೆ ಮೌಶಿ. "ಇದು ಎಷ್ಟ ಮಾರ್ಕ್ಸಿಗೆ ಬರತೈತ್ರಿ?" ಎಂದು ಹಿಂದಿನ ಬೆಂಚಿನಿಂದ ಇನ್ನೊಬ್ಬ ಕೇಳಿದನಂತೆ. ಮನೆಗೆ ಬಂದು ಇದನ್ನೆಲ್ಲ ಹೇಳಿ ನಕ್ಕಳು. ನಾವೂ ನಕ್ಕೆವು. ಅದೇ ಕ್ಲಾಸಿನಲ್ಲಿ ಚಾಚಾನ ಮಗಳೂ ಇದ್ದಳು. ಎಲ್ಲದರಲ್ಲೂ ಮುಂದಿದ್ದಳಂತೆ, ಆದರೆ ಬಾಯಿ ತೆರೆದು ಏನನ್ನೂ ಕೇಳುತ್ತಿರಲಿಲ್ಲ. ಇದನ್ನು ಹೇಳುವಾಗ ಮೌಶಿ ನಗಲಿಲ್ಲ.

ಎರಡು ವರ್ಷಕ್ಕೆ ಅವಳು ನಿವೃತ್ತಳಾದಳು. ಅದಾದ ಮೇಲೆ ಬೇಗನೆ ಸೊರಗಿದಳು. ಪುಸ್ತಕ ತೆರೆದಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಎರಡು ವರ್ಷ ಕಳೆಯುವುದರೊಳಗೆ ಎದೆಯಲ್ಲಿ ನೀರು ತುಂಬಿ ಸತ್ತೂರಿನ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯೂ ಅವಳ ಸ್ವಭಾವ ಬಿಡಲಿಲ್ಲ. ಎಳೆಯ ಡಾಕ್ಟರರು "ಆರಾಮ ಆಗ್ತೀರಿ ಅಜ್ಜೀ" ಅಂದರೆ, "ನಿಮ್ಮ ಮಾರಿ ನೋಡಿದ್ರ ಹಂಗ ಕಾಣವಲ್ದು, ಖರೇ ಹೇಳ್ರಿ" ಅಂದಳು. ಪಾಪ, ಅವರು ಸ್ಟೆತಸ್ಕೋಪನ್ನು ಸರಿಪಡಿಸಿಕೊಳ್ಳುತ್ತ ಹೊರಗೆ ನಡೆದರು. ಖರೇ ಏನೆಂಬುದನ್ನು ನಮಗೆ ಹೊರಗೆ ಕರೆದು ಹೇಳಿದರು.

ಆ ದಿನಗಳಲ್ಲೇ ಚಾಚಾನ ಮಗಳು ನಮ್ಮ ಶೋರೂಮಿಗೆ ಬಂದಳು. ಟ್ರ್ಯಾಕ್ಟರಿಗೆ ಸಾಲ ಕೊಡುವ ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತಂತೆ. ಕೊರಳಲ್ಲಿ ಐಡಿ ಕಾರ್ಡು. ಗ್ಯಾರೇಜ್ ಮುಚ್ಚಿತ್ತು, ಮನೆ ಅವಳ ಮೇಲೆಯೇ ನಡೆಯುತ್ತಿತ್ತು, ಅಪ್ಪನಿಗೆ ಚಿಕಿತ್ಸೆಯೂ ನಡೆದಿತ್ತು. "ಮೇಡಂ ಅವತ್ತ ಹೇಳಿದ್ದು ಬರೋಬ್ಬರಿ ಆತ್ರಿ ಸರ್" ಅಂದಳು. ನಾನು ಕೇಳಿದೆ, "ಏನರೆ ಓದತಿಯೇನವಾ ಈಗ?"

ಅವಳು ನಕ್ಕಳು. "ಯಾವಾಗ್ರಿ ಸರ್? ಮುಂಜಾನೆ ಬಸ್ ಹತ್ತಿದ್ರ ರಾತ್ರಿ ಮನಿ. ರವಿವಾರ ಅಪ್ಪಾನ ಕೆಲಸ. ಈಗೀಗ ಓದಬೇಕು ಅಂತನೂ ಅನಸವಲ್ದ್ರಿ." ಫಾರ್ಮುಗಳನ್ನು ಜೋಡಿಸಿಕೊಳ್ಳುತ್ತ, "ಮೇಡಮ್ಮಾರ ನನ್ನ ನೆನಸ್ತಾರೇನ್ರಿ?" ಅಂದಳು. ನೆನಸ್ತಾರೆ ಅಂದೆ. ಗಿರಾಕಿ ಬಂದರು, ಅವಳು ಫಾರ್ಮು ತೆಗೆದುಕೊಂಡು ಎದ್ದು ಹೋದಳು.

ಅದೇ ದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಮೌಶಿ ದಿಂಬಿಗೆ ಒರಗಿದ್ದಳು. ಹುಡುಗಿ ಸಿಕ್ಕಿದ್ದಳು, ಕೆಲಸ ಹತ್ತಿದೆ, ಮನೆ ನೆಟ್ಟಗಿದೆ ಎಂದು ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. ಆಮೇಲೆ ಕಣ್ಣು ತೆರೆದು, ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದಳು.

"ಓದತಾಳೇನೋ ತಮ್ಮಾ?"

ಎಷ್ಟೋ ರೈತರಿಗೆ ಎಷ್ಟೋ ಟ್ರ್ಯಾಕ್ಟರ್ ಮಾರಿದ ಬಾಯಿ ಇದು. ಆ ಹೊತ್ತಿಗೆ ಒಂದು ಮಾತು ಹೊರಡಿಸಲು ಎಷ್ಟು ಕಷ್ಟಪಟ್ಟಿತೋ ನನಗೇ ಗೊತ್ತು. "ಓದತಾಳ ಮೌಶಿ. ದಿನಾ ಬಸ್ಸಿನ್ಯಾಗ ಓದತಾಳಂತ. ನಿನ್ನ ವಿಷಯನ. ನಿನಗ ಭೆಟ್ಟಿಯಾಗಿ ಏನೇನೋ ಕೇಳೂದೈತಂತ."

ಮೌಶಿ ನನ್ನ ಮುಖವನ್ನೇ ನೋಡಿದಳು. ಮುಖ ನೋಡಿಯೇ ಖರೇ ಯಾವುದು, ಸುಳ್ಳು ಯಾವುದು ಎಂದು ಹೇಳಬಲ್ಲವಳು. ನಾನು ಕಣ್ಣು ತಪ್ಪಿಸಲಿಲ್ಲ, ಆದರೆ ಕಣ್ಣಲ್ಲಿ ನೀರು ಬರುವುದನ್ನು ತಡೆಯಲಾಗಲಿಲ್ಲ. ಅವಳು ಮೆಲ್ಲಗೆ ಕೈ ಚಾಚಿ ನನ್ನ ಮುಂಗೈ ಹಿಡಿದಳು.

"ಇನ್ನೊಮ್ಮಿ ಹೇಳು" ಅಂದಳು.

ಇನ್ನೊಮ್ಮೆ ಹೇಳಿದೆ.